ಮಕ್ಕಳ ರಂಗ, ಹಿರಿಯರ ಹೊಣೆ

(ಧರ್ಮಕೇಂದ್ರದ ಪ್ರೌಢಶಾಲೆಯ ವಿದ್ಯಾರ್ಥಿ ಸಹಾಯನಿಧಿಗಾಗಿ ಶತಮಾನೋತ್ಸವ ವರ್ಷದಲ್ಲಿ ಏರ್ಪಟ್ಟ ಪ್ರತಿಭಾ ಪ್ರದರ್ಶನದ ಪೂರ್ವಸಿದ್ಧತಾ ಸಭೆಯಲ್ಲಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಈ ಶುಭಸಂದರ್ಭದಲ್ಲಿ ಪ್ರೌಢಶಾಲೆಯ ಮಕ್ಕಳಿಂದ ಒಂದು ಸಂಜೆಯ ಪ್ರತಿಭಾ ಪ್ರದರ್ಶನವನ್ನು ನಡೆಸಿ, ಅದರಿಂದ ಬರುವ ಹಣವನ್ನು ವಿದ್ಯಾರ್ಥಿ ಸಹಾಯನಿಧಿಗೆ ಸೇರಿಸಬೇಕೆಂದು ತೀರ್ಮಾನವಾಗಿರುವುದು ತಮಗೆಲ್ಲ ತಿಳಿದಿದೆ. ನಿಧಿ ಏತಕ್ಕೆಂಬುದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಶುಲ್ಕವನ್ನು ಕಟ್ಟಲಾರದವರು, ಕಪ್ಪುಹಲಗೆಯ ಮೇಲಿನ ಅಕ್ಷರ ಕಾಣದೆ ಮುಂದಿನ ಬೆಂಚಿಗೆ ಬಂದು ಕುಳಿತರೂ ಕನ್ನಡಕ ಕೊಳ್ಳಲಾರದವರು, ತಂದೆಗೆ ಕೆಲಸ ತಪ್ಪಿದ ತಿಂಗಳಿನಿಂದಲೇ ಶಾಲೆಗೆ ಬರುವುದನ್ನು ನಿಲ್ಲಿಸುವವರು, ಇಂಥ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರನ್ನು ಹತ್ತನೆಯ ತರಗತಿಯ ದಡ ಮುಟ್ಟಿಸುವುದಕ್ಕಾಗಿ ಈ ನಿಧಿ.

ಆದರೆ ತೀರ್ಮಾನವಾದಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಹಿಂಬಾಲಿಸಿ ಬರುತ್ತಿದೆ. ಹಿರಿಯರೊಬ್ಬರು ಪೂಜೆ ಮುಗಿಸಿ ಹೊರಬರುತ್ತಿದ್ದಾಗ ನಮ್ಮನ್ನು ತಡೆದು, ಮಕ್ಕಳನ್ನು ಕುಣಿಸಿ ಹಣ ಎತ್ತುವುದು ನಮ್ಮಂಥವರಿಗೆ ಶೋಭಿಸೀತೇ ಎಂದು ಕೇಳಿದರು. ಕೇಳಿದ ಧಾಟಿ ಒರಟಾಗಿದ್ದರೂ ಪ್ರಶ್ನೆ ಸರಿಯಾದುದೇ. ಅದನ್ನು ನಗೆಯಲ್ಲಿ ಹಾರಿಸಿಬಿಡುವುದು ಸುಲಭ. ಹಾಗೆ ಮಾಡದೆ, ಅದಕ್ಕೆ ಉತ್ತರ ಕೊಡುವುದಕ್ಕಾಗಿಯೇ ಇಂದಿನ ಈ ಮಾತುಗಳನ್ನು ಮೀಸಲಿಟ್ಟಿದ್ದೇವೆ.

ಮೊದಲು ಆ ಪದವನ್ನೇ ನೋಡೋಣ. ಇಂಗ್ಲಿಷಿನವರು ಯಾವುದನ್ನು ಟ್ಯಾಲೆಂಟ್ ಎನ್ನುತ್ತಾರೋ ಆ ಮಾತು ಹುಟ್ಟಿದ್ದು ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದ ಸಾಮತಿಯಿಂದ. ಅಲ್ಲಿ ತಲಾಂತು ಎಂಬುದು ಜಾಣ್ಮೆಯಲ್ಲ, ಹಣದ ಒಂದು ತೂಕ. ಒಂದು ತಲಾಂತಿಗೆ ಸುಮಾರು ಆರು ಸಾವಿರ ಬೆಳ್ಳಿ ನಾಣ್ಯಗಳು. ಕೂಲಿಯಾಳಿಗೆ ದಿನವೊಂದಕ್ಕೆ ಒಂದು ನಾಣ್ಯ ಸಂಬಳವಾಗಿದ್ದ ಕಾಲದಲ್ಲಿ ಅದು ಇಪ್ಪತ್ತು ವರ್ಷಗಳ ದುಡಿಮೆ. ಆ ಕಥೆಯನ್ನು ಶತಮಾನಗಳ ಕಾಲ ಬೋಧಿಸುತ್ತ ಬಂದುದರಿಂದ ಹಣದ ತೂಕದ ಹೆಸರು ದೇವರು ಕೊಟ್ಟ ಸಾಮರ್ಥ್ಯದ ಹೆಸರಾಯಿತು. ನಮ್ಮ ಭಾಷೆಯ ದಾರಿ ಬೇರೆ. ಪ್ರತಿಭೆ ಎಂಬ ಮಾತಿನೊಳಗಿರುವುದು ಭಾ ಎಂಬ ಧಾತು, ಎಂದರೆ ಬೆಳಗುವುದು. ಅಲ್ಲಿ ಹಣದ ಸೋಂಕಿಲ್ಲ. ನಾವೀಗ ಏರ್ಪಡಿಸಹೊರಟಿರುವ ಸಂಜೆಯಲ್ಲಿ ಈ ಎರಡೂ ಮಾತುಗಳು ಒಂದೇ ವೇದಿಕೆಯ ಮೇಲೆ ನಿಲ್ಲಲಿವೆ. ಒಂದಕ್ಕೊಂದು ತೊಡರದಂತೆ ಅವುಗಳನ್ನು ನಿಲ್ಲಿಸುವುದೇ ನಮ್ಮ ಕೆಲಸ.

ಶಾಲೆಗಾಗಿ ಮಕ್ಕಳು ವೇದಿಕೆ ಹತ್ತಿದ್ದು ನಮ್ಮಲ್ಲೇ ಮೊದಲಲ್ಲ. ಕವಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ತೆರೆದರು. 1921ರಲ್ಲಿ ಅದು ವಿಶ್ವಭಾರತಿಯಾಗಿ ಬೆಳೆಯಿತು. ಸಂಸ್ಥೆ ಬೆಳೆದಂತೆ ಸಾಲವೂ ಬೆಳೆಯಿತು. ನೊಬೆಲ್ ಬಹುಮಾನದ ಹಣವನ್ನೂ, ಪುಸ್ತಕಗಳ ಆದಾಯವನ್ನೂ ಸುರಿದರೂ ಸಾಲದೆಹೋದಾಗ, ಕವಿ ತಮ್ಮ ವಿದ್ಯಾರ್ಥಿಗಳ ತಂಡವನ್ನು ಕಟ್ಟಿಕೊಂಡು ಊರೂರು ತಿರುಗಿ ನೃತ್ಯನಾಟಕಗಳನ್ನು ಆಡಿಸಿ ಹಣ ಕೂಡಿಸಿದರು. 1936ರ ಮಾರ್ಚ್ ತಿಂಗಳಲ್ಲಿ ಚಿತ್ರಾಂಗದಾ ನೃತ್ಯನಾಟಕದೊಡನೆ ಉತ್ತರ ಭಾರತದ ಪ್ರವಾಸ ಕೈಗೊಂಡು ದೆಹಲಿಗೆ ಬಂದಾಗ ಅವರಿಗೆ ಎಪ್ಪತ್ತೈದರ ಸಮೀಪ. ದೇಹಸ್ಥಿತಿ ಚೆನ್ನಾಗಿರಲಿಲ್ಲ. ಆಗ ದೆಹಲಿಯಲ್ಲಿದ್ದ ಗಾಂಧೀಜಿಗೆ ಇದನ್ನು ನೋಡಿ ಸಂಕಟವಾಯಿತು. ಎಷ್ಟು ಹಣ ಬೇಕೆಂದು ವಿಚಾರಿಸಿದರು. ಅರುವತ್ತು ಸಾವಿರ ರೂಪಾಯಿಗಳೆಂದು ತಿಳಿಯಿತು. ಹೆಸರು ಹೇಳಲಿಚ್ಛಿಸದ ದಾನಿಗಳಿಂದ ಅಷ್ಟನ್ನೂ ತರಿಸಿ ಕವಿಯ ಕೈಗಿತ್ತು, ಉಳಿದ ಪ್ರವಾಸವನ್ನು ಬಿಟ್ಟು ಮನೆಗೆ ಹೋಗಿ ವಿಶ್ರಮಿಸಬೇಕೆಂದು ಬೇಡಿಕೊಂಡರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಗಾಂಧೀಜಿಯ ಔದಾರ್ಯಕ್ಕೆ ನಿದರ್ಶನವಾಗಿ ಹೇಳುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ಅರ್ಥ ತೋರುತ್ತದೆ. ವಿದ್ಯಾರ್ಥಿಗಳು ಜನರ ಮುಂದೆ ಹಾಡುವುದೂ ಕುಣಿಯುವುದೂ ಕವಿಗೆ ಎಂದೂ ನಾಚಿಕೆಯ ವಿಷಯವಾಗಿರಲಿಲ್ಲ. ಅದು ಅವರ ಶಿಕ್ಷಣದ ಭಾಗವೇ ಆಗಿತ್ತು. ಗಾಂಧೀಜಿಯನ್ನು ನೋಯಿಸಿದ್ದು ಕಲೆಯಲ್ಲ. ಹಣದ ಹೊರೆ ಸಲ್ಲದ ಹೆಗಲ ಮೇಲೆ ಕುಳಿತಿದ್ದುದು. ಆ ಹೊರೆಯನ್ನು ಹೊರಬಲ್ಲ ಹೆಗಲುಗಳು ದೇಶದಲ್ಲಿದ್ದವು, ಅವುಗಳನ್ನು ಹುಡುಕುವ ಕೆಲಸವನ್ನು ಅವರು ಮಾಡಿದರು. ನಮ್ಮ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯೆಂದು ನಮ್ಮ ತಿಳಿವಳಿಕೆ. ಹಾಡುವುದು ಮಕ್ಕಳ ಪಾಲಿಗಿರಲಿ. ಹಣ ತರುವುದು ನಮ್ಮ ಪಾಲಿಗಿರಲಿ.

ಇದನ್ನು ಮಾತಿನಲ್ಲಿ ಒಪ್ಪುವುದು ಕಷ್ಟವಲ್ಲ. ಕಷ್ಟವಿರುವುದು ಟಿಕೇಟು ಪುಸ್ತಕದಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ನಡೆದುದನ್ನು ನಾವು ಬಲ್ಲೆವು. ಶಾಲೆಯ ಹೆಸರು ಬೇಡ. ಸಹಾಯಾರ್ಥ ಪ್ರದರ್ಶನವೆಂದು ಪ್ರತಿಯೊಬ್ಬ ವಿದ್ಯಾರ್ಥಿಗೂ ಹತ್ತು ಟಿಕೇಟುಗಳ ಪುಸ್ತಕವನ್ನು ಹಂಚಿದರು. ಯಾರು ಎಷ್ಟು ಮಾರಿದರೆಂಬುದನ್ನು ಸೂಚನಾಫಲಕದ ಮೇಲೆ ಬರೆಯುತ್ತ ಬಂದರು. ಅಂಗಡಿಯವರ ಮಗ ಎರಡೇ ದಿನದಲ್ಲಿ ಇನ್ನೊಂದು ಪುಸ್ತಕ ಕೇಳಿದ. ಊದುಬತ್ತಿ ಹೊಸೆದು ಜೀವನ ಸಾಗಿಸುತ್ತಿದ್ದ ತಾಯಿಯ ಮಗಳೊಬ್ಬಳಿಗೆ ಟಿಕೇಟು ಕೊಳ್ಳುವಂಥ ನೆಂಟರೂ ಇರಲಿಲ್ಲ, ನೆರೆಯವರೂ ಇರಲಿಲ್ಲ. ಆಕೆಯ ಹೆಸರಿನ ಮುಂದೆ ಹತ್ತು ದಿನ ಸೊನ್ನೆಯೇ ಇತ್ತು. ಕಡೆಗೆ ತಾಯಿ ಮಹಿಳಾ ಸಂಘದಿಂದ ಸಾಲ ತೆಗೆದು ಹತ್ತು ಟಿಕೇಟುಗಳನ್ನೂ ತಾನೇ ಕೊಂಡು ಪುಸ್ತಕವನ್ನು ಹಿಂದಿರುಗಿಸಿದಳು. ಪ್ರದರ್ಶನದ ಅನಂತರ ಸಹಾಯ ಪಡೆದವರ ಪಟ್ಟಿಯಲ್ಲಿ ಆ ಹುಡುಗಿಯ ಹೆಸರೂ ಇತ್ತು. ಯಾರ ಹೆಸರಿನಲ್ಲಿ ನಿಧಿಯೋ ಆಕೆಯೇ ಸಾಲ ಮಾಡಿ ನಿಧಿ ತುಂಬಿದಂತಾಯಿತು. ಈ ವಿಪರ್ಯಾಸವನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಒಟ್ಟು ಮೊತ್ತ ತೃಪ್ತಿಕರವಾಗಿತ್ತು.

ಆದ್ದರಿಂದ ನಮ್ಮ ಸಮಿತಿಯ ಮೊದಲ ನಿಯಮವಿದು: ಯಾವ ವಿದ್ಯಾರ್ಥಿಯ ಕೈಗೂ ಟಿಕೇಟು ಪುಸ್ತಕ ಹೋಗತಕ್ಕದ್ದಲ್ಲ. ತಾನಾಗಿ ಕೇಳಿದರೂ ಕೊಡತಕ್ಕದ್ದಲ್ಲ, ಏಕೆಂದರೆ ಒಬ್ಬನು ಕೇಳಿ ಪಡೆದರೆ ಕೇಳದವನು ಎಣಿಕೆಗೆ ಸಿಕ್ಕುತ್ತಾನೆ. ಎರಡನೆಯದಾಗಿ, ವೇದಿಕೆ ಏರುವ ಪ್ರತಿಯೊಂದು ಮಗುವಿನ ಮನೆಗೆ ಎರಡು ಪ್ರವೇಶಪತ್ರಗಳು ಹಣವಿಲ್ಲದೆ ತಲುಪಬೇಕು. ಅವು ಹಣ ಕೊಟ್ಟು ಕೊಂಡ ಟಿಕೇಟಿನ ಬಣ್ಣದವೇ ಆಗಿರಬೇಕು, ಕುರ್ಚಿಯ ಸಾಲೂ ಅದೇ ಆಗಿರಬೇಕು. ತನ್ನ ಮಗಳ ಹಾಡನ್ನು ಬೇಲಿಯ ಹೊರಗೆ ನಿಂತು ಕೇಳಬೇಕಾದ ತಾಯಿ ಒಬ್ಬಳಿದ್ದರೂ ಆ ಸಂಜೆ ನಮಗೆ ನಷ್ಟವೇ. ಮೂರನೆಯದಾಗಿ, ನಿಧಿಯಿಂದ ನೆರವು ಪಡೆಯುವವರ ಹೆಸರನ್ನು ವೇದಿಕೆಯಿಂದ ಓದುವುದಾಗಲಿ, ಅವರನ್ನು ಸಾಲಾಗಿ ನಿಲ್ಲಿಸಿ ಲಕೋಟೆ ಹಂಚುವುದಾಗಲಿ ಕೂಡದು. ಛಾಯಾಚಿತ್ರಗಾರರಿಗೆ ಬೇಸರವಾದೀತು. ಆಗಲಿ.

ಇನ್ನು ಹಣ ಎಲ್ಲಿಂದ? ಒಂದು ಕಲ್ಪಿತ ಲೆಕ್ಕ ಹಾಕೋಣ. ನಾನೂರು ಕುರ್ಚಿಗಳು, ತಲೆಗೆ ನೂರು ರೂಪಾಯಿ, ಎಲ್ಲವೂ ಮಾರಿದರೆ ನಲವತ್ತು ಸಾವಿರ. ಶಾಮಿಯಾನ, ಕುರ್ಚಿ, ಧ್ವನಿವರ್ಧಕ, ದೀಪ, ವೇಷಭೂಷಣದ ಬಾಡಿಗೆ, ಮಕ್ಕಳ ಉಪಾಹಾರ, ಮುದ್ರಣ ಇವುಗಳಿಗೆ ಕೊಟ್ಟು ಮುಗಿಸುವಷ್ಟರಲ್ಲಿ ಕೈಯಲ್ಲಿ ಉಳಿಯುವುದು ಅರ್ಧಕ್ಕಿಂತ ಕಡಿಮೆಯಾಗುವ ಸಂಭವವೇ ಹೆಚ್ಚು. ಟಿಕೇಟನ್ನು ನಂಬಿ ನಿಧಿ ಕಟ್ಟಿದವರಿಲ್ಲ. ಅದಕ್ಕಾಗಿ ಖರ್ಚಿನ ಒಂದೊಂದು ಬಾಬ್ತನ್ನೂ ಒಬ್ಬೊಬ್ಬ ಹಿರಿಯರು ಮೊದಲೇ ವಹಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಶಾಮಿಯಾನ ಒಬ್ಬರದು, ಧ್ವನಿವರ್ಧಕ ಇನ್ನೊಬ್ಬರದು. ಆಗ ಟಿಕೇಟಿನ ಪ್ರತಿಯೊಂದು ರೂಪಾಯಿಯೂ ನಿಧಿಗೆ ಹೋಯಿತೆಂದು ಎದೆ ತಟ್ಟಿ ಹೇಳಬಹುದು. ಮಹಿಳಾ ಮಂಡಲಿಯವರು ಮೈದಾನದ ಅಂಚಿನಲ್ಲಿ ಅಕ್ಕಿರೊಟ್ಟಿ, ಬೋಂಡ, ಚುರುಮುರಿ, ಕಾಫಿಯ ಅಂಗಡಿಗಳನ್ನು ಇಡಲು ಒಪ್ಪಿದ್ದಾರೆ. ಅನುಭವದಿಂದ ಹೇಳುವುದಾದರೆ, ಸಂಗೀತಕ್ಕಿಂತ ಬೋಂಡಕ್ಕೆ ಹಣ ಬಿಚ್ಚುವವರೇ ನಮ್ಮಲ್ಲಿ ಅಧಿಕ. ವೇಷಭೂಷಣಕ್ಕೆ ಬಾಡಿಗೆ ಅಂಗಡಿಗೆ ಓಡುವ ಮೊದಲು ಮನೆಯ ಪೆಟ್ಟಿಗೆಗಳನ್ನು ತೆರೆಯಿರಿ. ಅಜ್ಜಿಯ ಇಳಕಲ್ ಸೀರೆಗಿಂತ ಅಂದವಾದ ವೇಷ ಯಾವ ಅಂಗಡಿಯಲ್ಲೂ ದೊರೆಯದು.

ಹಿರಿಯರು ಮನಸ್ಸು ಮಾಡಿದರೆ ಒಂದು ಸಂಜೆಯ ಸಂಗೀತದಿಂದ ಏನಾದೀತೆಂಬುದಕ್ಕೆ ಹಳೆಯ ದೃಷ್ಟಾಂತವೊಂದಿದೆ. ಜಗದ್ವಿಖ್ಯಾತ ಸಂಗೀತಗಾರ ಹ್ಯಾಂಡೆಲನ ಮೆಸ್ಸಾಯ ಎಂಬ ಕೃತಿ ಮೊದಲ ಬಾರಿಗೆ ಕೇಳಿಬಂದದ್ದು 1742ರ ಏಪ್ರಿಲ್ 13ರಂದು, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, ಸಹಾಯಾರ್ಥ ಪ್ರದರ್ಶನವಾಗಿ. ಉತ್ಪತ್ತಿಯನ್ನು ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಮನೆ ಸೇರಿದ್ದವರ ಬಿಡುಗಡೆಗೂ ಹಂಚಿದರು. ನೂರ ನಲವತ್ತೆರಡು ಮಂದಿ ಸೆರೆಯಿಂದ ಹೊರಬಂದರು. ಇನ್ನಷ್ಟು ಜನ ಹಿಡಿಸಲೆಂದು, ಹೆಂಗಸರು ಬಳೆಕಟ್ಟಿನ ಅಗಲ ಲಂಗಗಳನ್ನು ತೊಡದೆಯೂ, ಗಂಡಸರು ಸೊಂಟದ ಕತ್ತಿಗಳಿಲ್ಲದೆಯೂ ಬರಬೇಕೆಂದು ಸಂಘಟಕರು ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ದೊಡ್ಡ ಮನೆತನದ ಹೆಂಗಸರು ಅದರಂತೆ ನಡೆದುಕೊಂಡರಂತೆ. ನಮ್ಮಲ್ಲಿ ಲಂಗ, ಕತ್ತಿಗಳ ತೊಂದರೆಯಿಲ್ಲ. ಮುಂದಿನ ಸಾಲಿನ ಸೋಫಾಗಳನ್ನು ತೆಗೆದರೆ ಇನ್ನೂ ನಲವತ್ತು ಕುರ್ಚಿ ಹಿಡಿಸುತ್ತವೆ ಎಂಬುದನ್ನು ಗಣ್ಯರ ಗಮನಕ್ಕೆ ತರುತ್ತೇವೆ.

ಮಕ್ಕಳ ಆಯ್ಕೆಯ ವಿಷಯ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಶಾಲೆಯಿಂದ ರಾಜ್ಯಮಟ್ಟದವರೆಗೆ ಹಂತಹಂತವಾಗಿ ಸೋಸುತ್ತ ಹೋಗುತ್ತಾರೆ. ಅದು ಸ್ಪರ್ಧೆ, ಅಲ್ಲಿ ಅದು ಸರಿ. ಇದು ಸ್ಪರ್ಧೆಯಲ್ಲ. ಹೆಸರು ಕೊಟ್ಟ ಯಾರನ್ನೂ ನೀನು ಬೇಡವೆಂದು ಕಳುಹಿಸುವುದಿಲ್ಲ. ಒಂಟಿಯಾಗಿ ಹಾಡಲು ಕೊರಳು ಸಾಲದವನಿಗೆ ಗಾಯನವೃಂದದಲ್ಲಿ ಸ್ಥಳವಿದೆ. ಮಾತು ತೊದಲುವವನು ಮೂಕಾಭಿನಯದಲ್ಲಿ ಎಲ್ಲರನ್ನೂ ಮೀರಿಸಿದ್ದನ್ನು ನಾವು ಕಂಡಿದ್ದೇವೆ. ವೇದಿಕೆ ಹತ್ತಲು ಒಲ್ಲದವರಿಗೆ ಪರದೆ ಎಳೆಯುವುದು, ದೀಪ ನೋಡಿಕೊಳ್ಳುವುದು, ಬಣ್ಣ ಹಚ್ಚುವುದು ಇದೆ. ಪರದೆ ಎಳೆಯುವುದು ಸಣ್ಣ ಕೆಲಸವೆಂದು ತಿಳಿದವರು ಅದನ್ನೊಮ್ಮೆ ಸರಿಯಾದ ಗಳಿಗೆಗೆ ಎಳೆದು ನೋಡಲಿ. ಕನಕಪುರ ಸೀಮೆಯ ಹಾರೋಬೆಲೆಯಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿರುವ ಕ್ರಿಸ್ತ ಮಹಿಮೆಯ ನಾಟಕವನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಅಲ್ಲಿ ರಂಗಕ್ಕೆ ಬರುವವರು ಹೊಲದಲ್ಲಿ ದುಡಿಯುವ ಜನ. ಊರಿಗೆ ಊರೇ ಆಟದವರು.

ಏನನ್ನು ಆಡಬೇಕು? ಕೋಲಾಟ, ಡೊಳ್ಳು, ಭಾವಗೀತೆ, ಏಕಪಾತ್ರಾಭಿನಯ, ಅನುಕರಣೆ, ಜಾದು, ಅರ್ಧಗಂಟೆಯ ಒಂದು ನಾಟಕ, ಎಲ್ಲಕ್ಕೂ ಸ್ವಾಗತವಿದೆ. ಜಾದುವೆಂದರೆ ಮೂಗು ಮುರಿಯುವವರು ಸಂತ ಜಾನ್ ಬೋಸ್ಕೊರನ್ನು ನೆನೆಯಬೇಕು. ಇಟಲಿಯ ಹಳ್ಳಿಯಲ್ಲಿ ಬಾಲಕರಾಗಿದ್ದಾಗ ಅವರು ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಜನ ಸೇರಿಸುತ್ತಿದ್ದರು. ಪ್ರವೇಶ ಶುಲ್ಕ ಜಪಸರ ಪ್ರಾರ್ಥನೆ. ಅದನ್ನು ಹೇಳಲೊಲ್ಲದವರಿಗೆ ಆಟ ನೋಡಲು ಬಿಡುತ್ತಿರಲಿಲ್ಲ. ಚಲನಚಿತ್ರದ ಧ್ವನಿಮುದ್ರಣ ಹಾಕಿ ಕುಣಿಯುವ ಬಾಬ್ತುಗಳನ್ನು ಮಾತ್ರ ಎರಡಕ್ಕೆ ಮಿತಗೊಳಿಸಿದ್ದೇವೆ. ಮಡಿವಂತಿಕೆಯಿಂದಲ್ಲ. ಯಂತ್ರ ಹಾಡಿದರೆ ಕೇಳುವುದು ಯಂತ್ರದ ಪ್ರತಿಭೆ. ನಮಗೆ ಬೇಕಾದುದು, ಶ್ರುತಿ ಅಲ್ಲಲ್ಲಿ ತಪ್ಪಿದರೂ, ಮಗುವಿನ ಕೊರಳು.

ಹಾಗೆಯೇ ಪ್ರೇಕ್ಷಕರಲ್ಲಿ ಎರಡು ಮಾತು. ಮೆಚ್ಚಿದ ಹಾಡಿಗೆ ವೇದಿಕೆ ಹತ್ತಿ ಮಗುವಿನ ಅಂಗಿಗೆ ನೋಟು ಚುಚ್ಚುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಬೇಡ. ಒಂದು ಮಗುವಿನ ಎದೆಯ ಮೇಲೆ ಐದು ನೋಟು, ಮುಂದಿನ ಮಗುವಿನ ಎದೆ ಬರಿದು, ಇದಕ್ಕಿಂತ ಕ್ರೂರವಾದ ತೀರ್ಪು ಬೇರಿಲ್ಲ. ಅಷ್ಟು ಉತ್ಸಾಹವಿದ್ದವರಿಗಾಗಿ ದ್ವಾರದಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಟ್ಟಿರುತ್ತೇವೆ. ಮತ್ತೆ, ಕೈಯಲ್ಲಿನ ಮೊಬೈಲಿನಲ್ಲಿ ನಿಮ್ಮ ಮಗುವನ್ನು ಚಿತ್ರೀಕರಿಸಿರಿ. ಬೇರೆಯವರ ಮಕ್ಕಳ ಚಿತ್ರವನ್ನು ಅವರ ತಾಯ್ತಂದೆಯರ ಒಪ್ಪಿಗೆಯಿಲ್ಲದೆ ಲೋಕಕ್ಕೆಲ್ಲ ಹಂಚಬೇಡಿರಿ.

ಕಾನೂನಿನ ಕೆಲವು ಸಂಗತಿಗಳನ್ನೂ ಅರಿಕೆ ಮಾಡಿಕೊಳ್ಳಬೇಕಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ, ಶಾಲೆಯ ಚಟುವಟಿಕೆಯಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಡುವ ನಾಟಕಕ್ಕೆ ರಿಯಾಯಿತಿ ಇದೆ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹವ್ಯಾಸಿಗಳು ಆಡುವುದಕ್ಕೂ ಇದೆ. ಊರವರಿಗೆಲ್ಲ ಟಿಕೇಟು ಮಾರುವ ನಮ್ಮ ಪ್ರದರ್ಶನ ಆ ಪರಿಧಿಯ ಒಳಗೋ ಹೊರಗೋ ಎಂದು ವಾದಿಸುತ್ತ ಕೂರುವುದಕ್ಕಿಂತ ನಾಟಕಕಾರರಿಗೊಂದು ಪತ್ರ ಬರೆದು ಅನುಮತಿ ಕೇಳುವುದು ಲೇಸು. ಕೇಳಿಸಿಕೊಂಡವರಿಗೆ ಅದೊಂದು ಗೌರವವೂ ಹೌದು. ಕರ್ತೃ ತೀರಿಕೊಂಡು ಅರುವತ್ತು ವರ್ಷಗಳು ಕಳೆದಿದ್ದರೆ ಕೃತಿ ಎಲ್ಲರದು. ಧ್ವನಿವರ್ಧಕಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ನಾವು ಒಂಬತ್ತಕ್ಕೇ ಮುಗಿಸುತ್ತೇವೆ, ಏಕೆಂದರೆ ದೂರದ ಹಳ್ಳಿಗಳ ಹೆಣ್ಣುಮಕ್ಕಳು ಮನೆ ಸೇರಬೇಕು. ಇದರ ಅರ್ಥ, ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಎಲ್ಲವೂ ಸೇರಿ ಹದಿನೈದು ನಿಮಿಷ. ಹಾರ ತುರಾಯಿಗಳನ್ನು ಕೈಬಿಟ್ಟಿದ್ದೇವೆ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯ ಮಾತೊಂದಿದೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿ ಪಟ್ಟಣದಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಕೃತಕ ಬಟ್ಟೆಯ ಶಾಮಿಯಾನಕ್ಕೆ ಬೆಂಕಿ ತಗುಲಿತು. ಕೆಲವೇ ನಿಮಿಷಗಳಲ್ಲಿ ಉರಿಯುವ ಚಾವಣಿ ಜನರ ಮೇಲೆ ಬಿತ್ತು. ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು, ಅವರನ್ನು ನೋಡಲು ಬಂದ ತಾಯಂದಿರು. ಆ ದಿನವೂ ಮಕ್ಕಳು ಬಣ್ಣ ಹಚ್ಚಿಕೊಂಡು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಇದನ್ನು ಹೇಳಿ ನಿಮ್ಮ ಸಂತೋಷವನ್ನು ಕೆಡಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಹೊಳೆಯುವ ನೈಲಾನ್ ಬಟ್ಟೆಯ ಚಪ್ಪರ ಹಾಕಿಸುವುದಿಲ್ಲ. ಮೇಲ್ಭಾಗ ತೆರೆದ ಬಯಲೇ ಇರಲಿ, ಸುಗ್ಗಿಯ ಕಾಲದಲ್ಲಿ ಮಳೆಯ ಭಯವಿಲ್ಲ. ಮೈದಾನದ ಮೂರು ಕಡೆ ದಾರಿ ತೆರೆದಿರಬೇಕು, ಆ ದಾರಿಗೆ ಅಡ್ಡವಾಗಿ ಕುರ್ಚಿಯಾಗಲಿ ದ್ವಿಚಕ್ರ ವಾಹನವಾಗಲಿ ನಿಲ್ಲಕೂಡದು. ವಿದ್ಯುತ್ ತಂತಿಯನ್ನು ಪರವಾನಗಿ ಉಳ್ಳ ಕೆಲಸಗಾರರೇ ಎಳೆಯಬೇಕು. ಜನರೇಟರೂ, ಮಹಿಳಾ ಮಂಡಲಿಯ ಒಲೆಗಳೂ ಪ್ರೇಕ್ಷಕರಿಂದ ದೂರವಿರಬೇಕು. ಮರಳು ತುಂಬಿದ ಬಕೆಟ್ಟುಗಳನ್ನು ಯಾರೂ ಕಸದ ಬುಟ್ಟಿಯಾಗಿ ಬಳಸದಂತೆ ನೋಡಿಕೊಳ್ಳಲು ಯುವಕ ಸಂಘದ ಇಬ್ಬರನ್ನು ನೇಮಿಸಿದ್ದೇವೆ. ನಾಲ್ಕು ನೂರು ಕುರ್ಚಿಗೆ ನಾಲ್ಕು ನೂರು ಟಿಕೇಟು, ಒಂದೂ ಹೆಚ್ಚಿಲ್ಲ.

ಕೊನೆಯದಾಗಿ ಲೆಕ್ಕಪತ್ರ. ಪಂಡಿತ ರವಿಶಂಕರರೂ ಜಾರ್ಜ್ ಹ್ಯಾರಿಸನ್ನರೂ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಸಂಗೀತ ಕಚೇರಿಯನ್ನು ಹಿರಿಯರು ಕೇಳಿರಬಹುದು. ಅಷ್ಟು ದೊಡ್ಡ ಸಹಾಯಾರ್ಥ ಕಚೇರಿ ಅದಕ್ಕೆ ಮೊದಲು ನಡೆದಿರಲಿಲ್ಲವೆನ್ನುತ್ತಾರೆ. ಬಾಗಿಲಲ್ಲಿ ಕೂಡಿದ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಡಾಲರುಗಳು ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಸಂದವು. ಆದರೆ ಧ್ವನಿಮುದ್ರಿಕೆ ಮತ್ತು ಚಿತ್ರದಿಂದ ಬಂದ, ಅದಕ್ಕಿಂತ ಹಲವು ಪಾಲು ದೊಡ್ಡ ಹಣಕ್ಕೆ ಕರವಿನಾಯಿತಿಯ ಏರ್ಪಾಡು ಮೊದಲೇ ಆಗಿರಲಿಲ್ಲವಾಗಿ ಅದು ವರ್ಷಗಟ್ಟಲೆ ಕಚೇರಿಗಳ ಕಡತದಲ್ಲಿ ಸಿಕ್ಕಿಬಿದ್ದಿತು. ಹಸಿದವರ ಹೆಸರಿನ ಹಣ, ಹಸಿವಿನ ಕಾಲ ಮುಗಿದ ಮೇಲೆ ತಲುಪಿದರೇನು? ಮಹಾಕಲಾವಿದರಿಗೆ ಆದದ್ದು ನಮ್ಮಂಥ ಸಣ್ಣವರಿಗೆ ಆಗದಿರಲೆಂದು ನಿಧಿಯ ಹೆಸರಿನಲ್ಲಿಯೇ ಬ್ಯಾಂಕಿನ ಖಾತೆ ಇದೆ, ಇಬ್ಬರ ರುಜುವಿಲ್ಲದೆ ಹಣ ಹೊರಬಾರದು. ಟಿಕೇಟುಗಳಿಗೆಲ್ಲ ಕ್ರಮಸಂಖ್ಯೆ ಇದೆ. ಮಾರಾಟವಾಗದೆ ಉಳಿದವನ್ನೂ ಎಣಿಸಿ ಹಿಂದಿರುಗಿಸಬೇಕು. ಪೆಟ್ಟಿಗೆಯನ್ನು ಆ ರಾತ್ರಿಯೇ ಮೂವರ ಎದುರಿನಲ್ಲಿ ತೆರೆಯುತ್ತೇವೆ. ಹದಿನೈದು ದಿನಗಳೊಳಗೆ ಜಮಾಖರ್ಚಿನ ಪೂರ್ಣ ಪಟ್ಟಿ ದೇವಾಲಯದ ಬಾಗಿಲಿನ ಫಲಕದ ಮೇಲೆ ಇರುತ್ತದೆ. ಬೋಂಡದ ಎಣ್ಣೆಯ ಬೆಲೆಯೂ ಅದರಲ್ಲಿರುತ್ತದೆ.

ತಾಲೀಮು ಬರುವ ಸೋಮವಾರದಿಂದ, ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮಾತ್ರ. ಹತ್ತನೆಯ ತರಗತಿಯವರಿಗೆ ವಾರಕ್ಕೆ ಎರಡೇ ದಿನ. ಹೆಸರು ಕೊಡಲು ಇಚ್ಛಿಸುವ ಮಕ್ಕಳು ತಮ್ಮ ತರಗತಿಯ ಅಧ್ಯಾಪಕರನ್ನು ಕಾಣಬಹುದು. ಟಿಕೇಟು ಪುಸ್ತಕಗಳು ಅಲ್ಲಿ ಹಿಂದಿನ ಮೇಜಿನ ಮೇಲಿವೆ. ನಲವತ್ತು ಪುಸ್ತಕಗಳು, ಒಂದೊಂದರಲ್ಲಿ ಹತ್ತು. ಮನೆಗೆ ಹೊರಡುವ ಮೊದಲು ಹಿರಿಯರು ರುಜು ಹಾಕಿ ಒಂದೊಂದನ್ನು ತೆಗೆದುಕೊಂಡು ಹೋಗಬೇಕೆಂದು ಕೋರುತ್ತೇವೆ.